ಪ್ರಿಂಟರ್ ಅಲ್ಲ, ಕಾಗದ: ಮನೆಯಲ್ಲಿ ಶುಭಾಶಯ ಪತ್ರ ಮುದ್ರಿಸುವಾಗ ಕಾಣುವ ದೋಷಗಳು

ಹೋದ ಆಷಾಢದಲ್ಲಿ ಮೂಡಿಗೆರೆ ಕಡೆಯಿಂದ ಚಿಕ್ಕಮ್ಮನ ಫೋನು. "ನೀನು ಕೊಟ್ಟ ಕಾರ್ಡ್ ಶೀಟು ಸರಿ ಇಲ್ಲ ಕಣೇ. ಪ್ರಿಂಟರಿಗೆ ಹಾಕಿದ್ರೆ ಸುರುಳಿ ಸುತ್ಕೊಂಡು ಬರ್ತದೆ, ಅಂಚಿಗೆಲ್ಲಾ ಮಸಿ." ಅದೇ ಕಟ್ಟಿನ ಇನ್ನರ್ಧವನ್ನು ಹಾಸನದಲ್ಲಿರುವ ತಮ್ಮ ಒಯ್ದಿದ್ದ. ಅವನು ಅದರಲ್ಲೇ ನಲವತ್ತು ಕಾರ್ಡು ಮುದ್ರಿಸಿ, ಮಡಚಿ, ಕವರಿಗೂ ಹಾಕಿಯಾಗಿತ್ತು. ಒಂದೇ ಅಂಗಡಿ, ಒಂದೇ ಕಟ್ಟು, ಹೆಚ್ಚುಕಡಿಮೆ ಒಂದೇ ತರದ ಪ್ರಿಂಟರು. ಚಿಕ್ಕಮ್ಮ ಅಷ್ಟರಲ್ಲಿ ಪ್ರಿಂಟರನ್ನು ರಿಪೇರಿಗೆ ಒಯ್ದು, "ಏನೂ ತೊಂದರೆ ಇಲ್ಲ" ಅನ್ನಿಸಿಕೊಂಡು, ಅದಕ್ಕೂ ದುಡ್ಡು ಕೊಟ್ಟು ಬಂದಿದ್ದರು. ನಾನು ಹೋಗಿ ನೋಡಿದರೆ ಹಾಳೆಗಳು ಬಚ್ಚಲ ಗೋಡೆಗೆ ಒತ್ತಿಕೊಂಡ ಕಪಾಟಿನಲ್ಲಿ, ಹೊದಿಕೆ ಬಿಚ್ಚಿಕೊಂಡು, ಮಳೆಗಾಲ ಪೂರ್ತಿ ಗಾಳಿ ಕುಡಿಯುತ್ತಾ ಕೂತಿದ್ದವು.

ಮನೆಯಲ್ಲಿ ಕಾರ್ಡು ಮಾಡುವವರ ಗೋಳು ನಾನು ಕಂಡಂತೆ ಬಹುತೇಕ ಹೀಗೇ: ದೂರು ಪ್ರಿಂಟರ್ ಮೇಲೆ, ತಪ್ಪು ಕಾಗದದ್ದು. ಹಾಗಾಗಿ ಕಣ್ಣಿಗೆ ಕಾಣುವ ಲಕ್ಷಣ ಹಿಡಿದು ಕಾರಣ ಹುಡುಕುವ ದಾರಿಯನ್ನು ಇಲ್ಲಿ ಬರೆದಿದ್ದೇನೆ. ಪ್ರತಿ ಕಡೆಯೂ ಖರ್ಚಿಲ್ಲದ ಪರೀಕ್ಷೆ ಮೊದಲು, ಕೈ ಹಾಕಲು ಹೆದರಿಕೆಯಾಗುವ ಕೆಲಸ ಕೊನೆಗೆ.

ಲಕ್ಷಣ ನೋಡುವ ಮುಂಚೆ: ಹಾಳೆ ತೂಗಿ

ಕಾಗದದ ದಪ್ಪವನ್ನು ಅಂಗಡಿಯವರು ಜಿಎಸ್‌ಎಂನಲ್ಲಿ ಹೇಳುತ್ತಾರೆ. ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ ಅದು. ಜೆರಾಕ್ಸ್ ಕಾಗದ ಸಾಮಾನ್ಯವಾಗಿ 70ರಿಂದ 80. ಕೈಯಲ್ಲಿ ಹಿಡಿದರೆ ಕಾರ್ಡು ಅನ್ನಿಸಬೇಕಾದರೆ 200ರ ಮೇಲಿರಬೇಕು. ಲಗ್ನಪತ್ರಿಕೆಯಂತೆ ಗಟ್ಟಿ ನಿಲ್ಲಬೇಕಾದರೆ 300.

ಕಟ್ಟಿನ ಮೇಲೆ ಬರೆದದ್ದನ್ನು ನಂಬಬೇಕಾಗಿಲ್ಲ, ತೂಗಿ ನೋಡಬಹುದು. ಹದಿನಾರು ಎ4 ಹಾಳೆ ಸೇರಿದರೆ ಹೆಚ್ಚುಕಡಿಮೆ ಒಂದು ಚದರ ಮೀಟರ್. ಅಂದರೆ 16 ಹಾಳೆ ಎಷ್ಟು ಗ್ರಾಂ ತೂಗುತ್ತವೋ ಅದೇ ಅದರ ಜಿಎಸ್‌ಎಂ. ನಾನು ಒಮ್ಮೆ ಚಿಕ್ಕಮಗಳೂರಿನಲ್ಲಿ ಕಾಫಿಪುಡಿ ಅಂಗಡಿಯ ತಕ್ಕಡಿ ಮೇಲೆ ಹದಿನಾರು ಹಾಳೆ ಇಟ್ಟೆ. ಅಲ್ಲಿದ್ದ ಹುಡುಗ, "ಅಕ್ಕಾ, ಇದಕ್ಕೆ ಚಿಕೋರಿ ಎಷ್ಟು ಹಾಕ್ಲಿ?" ಅಂದ. ತಕ್ಕಡಿ 238 ತೋರಿಸಿತು. ಕಟ್ಟಿನ ಮೇಲೆ 300 ಎಂದು ಅಚ್ಚಾಗಿತ್ತು! ಅಡುಗೆಮನೆಯ ಸಣ್ಣ ಡಿಜಿಟಲ್ ತಕ್ಕಡಿ ಇದ್ದರೆ ಇಷ್ಟು ದೂರ ಹೋಗಬೇಕಿಲ್ಲ.

ಇನ್ನೊಂದು, ನಿಮ್ಮ ಪ್ರಿಂಟರ್ ಎಷ್ಟು ಜಿಎಸ್‌ಎಂವರೆಗೆ ನುಂಗುತ್ತದೆ ಎಂದು ಅದರ ಜೊತೆ ಬಂದ ಪುಸ್ತಕದಲ್ಲಿ ನೋಡಿಕೊಳ್ಳಿ. ಮನೆಯ ಸಣ್ಣ, ಪುಡಿಯನ್ನು ಬಿಸಿಯಿಂದ ಹಚ್ಚುವ ಲೇಸರ್ ಪ್ರಿಂಟರ್‌ಗಳಲ್ಲಿ ಹಲವಕ್ಕೆ 163 ಜಿಎಸ್‌ಎಂ ಮಿತಿ. ಇಂಕ್‌ಜೆಟ್‌ಗಳಲ್ಲಿ (ಇವು ಶಾಯಿ ಚಿಮ್ಮಿಸುವಂಥವು) ಮಾಡೆಲ್ ಮೇಲೆ ಹೋಗುತ್ತದೆ. ಹಿಂದಿನಿಂದ ಹಾಳೆ ಹಾಕುವ ಯಂತ್ರದಲ್ಲಿ ಕಾಗದ ಹೆಚ್ಚು ಬಾಗದೆ ಇಳಿಯುತ್ತದೆ, ದಪ್ಪ ಕಾರ್ಡಿಗೆ ಒಳ್ಳೆಯದು. ಮುಂದಿನ ಟ್ರೇಯಿಂದ ಎಳೆದುಕೊಂಡು ಒಳಗೆ ಪೂರ್ತಿ ತಿರುಗಿಸಿ ಮುಂದಕ್ಕೇ ಕೊಡುವ ಯಂತ್ರದಲ್ಲಿ 300ರ ಕಾರ್ಡು ಹಾಕಿದರೆ ಅದು ಜಗಳಕ್ಕೆ ಬರುವುದು ಸಹಜ.

ಹಾಳೆ ಒಳಗೆ ಹೋಗುತ್ತಿಲ್ಲ, ಸೊಟ್ಟ ಹೋಗುತ್ತದೆ, ಇಲ್ಲವೇ ಸಿಕ್ಕಿಕೊಳ್ಳುತ್ತದೆ

ಮೊದಲು ಒಂದು ಮಾಮೂಲಿ ಜೆರಾಕ್ಸ್ ಹಾಳೆ ಹಾಕಿ. ಅದು ಸಲೀಸಾಗಿ ಹೋದರೆ ಯಂತ್ರದಲ್ಲಿ ದೋಷವಿಲ್ಲ, ಕಾರ್ಡಿನಲ್ಲಿದೆ. ಅದೂ ಹೋಗದಿದ್ದರೆ ಹಾಳೆ ಎಳೆಯುವ ರಬ್ಬರ್ ರೋಲರ್ ಕಡೆ ನೋಡಬೇಕು.

ಕಾರ್ಡಿನದೇ ತಕರಾರಾದರೆ ಒಂದೊಂದೇ ಹಾಳೆ ಹಾಕಿ. ದಪ್ಪ ಹಾಳೆಗಳನ್ನು ಕಟ್ಟಾಗಿ ಇಟ್ಟರೆ ಅಂಗಡಿಯಲ್ಲಿ ಬ್ಲೇಡು ಕತ್ತರಿಸಿದ ಅಂಚುಗಳು ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ, ಎರಡೆರಡು ಒಟ್ಟಿಗೆ ಹೋಗುತ್ತವೆ. ವೀಳ್ಯದೆಲೆ ಕಟ್ಟು ಬಿಡಿಸುವ ಹಾಗೆ ಅಂಚನ್ನು ಬೆರಳಲ್ಲಿ ಬಿಡಿಸಿಕೊಳ್ಳಿ. ಅಕ್ಕಪಕ್ಕದ ಪ್ಲಾಸ್ಟಿಕ್ ಗೈಡುಗಳು ಹಾಳೆಗೆ ತಾಗಿರಬೇಕು, ಒತ್ತಬಾರದು.

ಇಷ್ಟಾಗಿಯೂ ಸೊಟ್ಟ ಹೋಗುತ್ತಿದ್ದರೆ ಹಾಳೆಯೇ ಸೊಟ್ಟವಿರಬಹುದು. ಎರಡು ಹಾಳೆ ತೆಗೆದು, ಒಂದನ್ನು ಮಗುಚಿ ಇನ್ನೊಂದರ ಮೇಲಿಡಿ. ನಾಲ್ಕು ಅಂಚೂ ಕೂತರೆ ಸರಿ. ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಹೊರಗೆ ಬಂದರೂ ಅದು ಕತ್ತರಿಸಿದವರ ತಪ್ಪು. ಮುದ್ರಣವಾದ ಮೇಲೆ ಆ ಕೂದಲೆಳೆಯೇ ಬೆರಳಗಲ ಆದಂತೆ ಕಾಣುತ್ತದೆ.

ರೋಲರ್ ಒರೆಸುವುದಾದರೆ ಪ್ರಿಂಟರ್ ಆಫ್ ಮಾಡಿ, ವೈರನ್ನು ಗೋಡೆಯಿಂದ ಕಿತ್ತು, ನೂಲು ಬಿಡದ ಬಟ್ಟೆಯನ್ನು ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿಕೊಂಡು ಒರೆಸಿ. ಬಟ್ಟೆಗೆ ಬೂದು ಬಣ್ಣದ ಪುಡಿ ಬಂದರೆ ಅದು ಕಾಗದದ ಧೂಳು. ದಪ್ಪ ಕಾರ್ಡು ಹೆಚ್ಚು ಧೂಳು ಬಿಡುತ್ತದೆ, ಅಗ್ಗದ್ದಂತೂ ಕೇಳಲೇಬೇಡಿ.

ಸಿಕ್ಕಿಕೊಂಡ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು, ಅದು ಸಾಗುತ್ತಿದ್ದ ದಿಕ್ಕಿಗೇ ನಿಧಾನ ಎಳೆಯಿರಿ. ಸಿಟ್ಟಿನಿಂದ ಹಿಂದಕ್ಕೆ ಎಳೆದರೆ ಹರಿದ ಚೂರು ಒಳಗೆ ಉಳಿಯುತ್ತದೆ, ಆಮೇಲೆ ಯಾವ ಕಾಗದ ಹಾಕಿದರೂ ಸಿಕ್ಕುತ್ತದೆ. ಹೊರಬಂದ ತುಂಡುಗಳನ್ನು ಮೇಜಿನ ಮೇಲೆ ಜೋಡಿಸಿ, ಪೂರ್ತಿ ಹಾಳೆ ಆಯಿತೇ ಎಂದು ನೋಡಿ. ಲೇಸರ್ ಆದರೆ ಮುಚ್ಚಳ ತೆಗೆದೊಡನೆ ಕೈ ಹಾಕಬೇಡಿ. ಒಳಗಿನ ಬಿಸಿ ರೋಲರ್ 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಹೋಗಿರುತ್ತದೆ. ಆಫ್ ಮಾಡಿ ಅರ್ಧ ಗಂಟೆ ಬಿಡಿ, ಅಷ್ಟರಲ್ಲಿ ಒಂದು ಕಾಫಿ ಕುಡಿಯಬಹುದು.

ಹಾಳೆ ಸುರುಳಿಯಾಗುತ್ತದೆ, ಅಂಚಿನಲ್ಲಿ ಮಸಿ ಉಜ್ಜಿದ ಗುರುತು

ಚಿಕ್ಕಮ್ಮನ ಕಾಯಿಲೆ ಇದು. ಕಣದಲ್ಲಿ ಹದವಾಗಿ ಒಣಗಿಸಿದ ಕಾಫಿ ಒಂದು ರಾತ್ರಿ ಮಂಜಿಗೆ ಸಿಕ್ಕರೆ ಏನಾಗುತ್ತದೆ ಎಂದು ಈ ಕಡೆಯವರಿಗೆ ಹೇಳಿಕೊಡಬೇಕಿಲ್ಲ. ಕಾಗದವೂ ಹಾಗೇ, ಗಾಳಿಯ ತೇವ ಕುಡಿಯುತ್ತದೆ. ಕುಡಿದಾಗ ಅದರ ನಾರು ಉದ್ದಕ್ಕೆ ಹೆಚ್ಚು ಬೆಳೆಯುವುದಿಲ್ಲ, ಅಡ್ಡಕ್ಕೆ ಉಬ್ಬುತ್ತದೆ. ಒಂದು ಮೈ ಹೆಚ್ಚು ಕುಡಿದು ಇನ್ನೊಂದು ಕಡಿಮೆ ಕುಡಿದರೆ ಹಾಳೆ ಬಾಗುತ್ತದೆ. ಕಾಗದ ಇಡಲು 40ರಿಂದ 60 ಶೇಕಡಾ ತೇವಾಂಶ ಹಿತ. ಜುಲೈಯಲ್ಲಿ ಸಕಲೇಶಪುರ, ಮೂಡಿಗೆರೆ, ಕೊಟ್ಟಿಗೆಹಾರ ಕಡೆ ಮನೆಯೊಳಗೂ ಅದು ಕನಸಿನ ಮಾತು. ಹಾಸನ ಪಟ್ಟಣದಲ್ಲಿ ಅದೇ ಹೊತ್ತಿಗೆ ನಡುನಡುವೆ ಬಿಸಿಲು ಬರುತ್ತದೆ. ತಮ್ಮ ಬಚಾವಾದದ್ದು ಅದರಿಂದ.

ಬಾಗಿದ ಹಾಳೆ ಒಳಗೆ ಹೋದಾಗ ಎದ್ದ ಮೂಲೆ, ಓಡಾಡುತ್ತಾ ಶಾಯಿ ಚಿಮ್ಮಿಸುವ ಇಂಕ್ ಹೆಡ್ಡಿನ ತಳಕ್ಕೆ ಉಜ್ಜುತ್ತದೆ. ಅಂಚಿನ ಮಸಿ ಅದರದ್ದು. ಮೊದಲ ಪರೀಕ್ಷೆ ಕಣ್ಣಿನದು: ಹಾಳೆಯನ್ನು ಮೇಜಿನ ಮೇಲಿಟ್ಟು ಬಗ್ಗಿ ಪಕ್ಕದಿಂದ ನೋಡಿ. ಯಾವುದೇ ಮೂಲೆ 3 ಮಿಲಿಮೀಟರಿಗಿಂತ ಎದ್ದಿದ್ದರೆ ಅದನ್ನು ಹಾಕಬೇಡಿ. ಎದುರು ದಿಕ್ಕಿಗೆ ಮೆಲ್ಲಗೆ ಸುತ್ತಿ ನೇರ ಮಾಡಿಕೊಳ್ಳಿ, ಮಡಿಕೆ ಬೀಳದಂತೆ.

ಹಾಳೆ ಚಪ್ಪಟೆಯಾಗಿದ್ದೂ ಉಜ್ಜುತ್ತಿದ್ದರೆ ಹೆಡ್ಡಿಗೂ ಹಾಳೆಗೂ ನಡುವಿನ ಸಂದು ಸಾಲುತ್ತಿಲ್ಲ ಎಂದರ್ಥ. ಸೆಟ್ಟಿಂಗಿನಲ್ಲಿ ಕಾಗದದ ಬಗೆಯನ್ನು ಪ್ಲೇನ್‌ನಿಂದ ಥಿಕ್ ಪೇಪರ್ ಅಥವಾ ಹೊಳಪಿಲ್ಲದ ಮ್ಯಾಟ್‌ಗೆ ಬದಲಿಸಿ. ಕೆಲವು ಪ್ರಿಂಟರ್‌ಗಳಲ್ಲಿ ಕಾಗದ ಉಜ್ಜದಂತೆ ತಡೆಯುವ ಬೇರೆ ಆಯ್ಕೆಯೇ ಇರುತ್ತದೆ.

ಹೋಗುವಾಗ ಚಪ್ಪಟೆ, ಬರುವಾಗ ಬಿಲ್ಲು ಆಗಿದ್ದರೆ ಕತೆ ಬೇರೆ. ಇಂಕ್‌ಜೆಟ್ ಶಾಯಿಯಲ್ಲಿ ಬಹುಪಾಲು ನೀರು. ನಾನು ಮೊದಲ ಸಲ ಕಾಫಿ ಹೂವಿನ ಕಾರ್ಡು ಮಾಡಿದಾಗ ಹಿನ್ನೆಲೆಗೆ ಕಡು ಹಸಿರು ತುಂಬಿ, ನಡುವೆ ಬಿಳಿ ಹೂಗೊಂಚಲು ಬಿಟ್ಟಿದ್ದೆ. 180ರ ಕಾರ್ಡು ಒದ್ದೆ ಬಟ್ಟೆಯಂತೆ ಜೋಲುತ್ತಾ ಬಂತು. ಅದೇ ಚಿತ್ರವನ್ನು ತಿರುವಿಹಾಕಿ, ಬಿಳಿ ನೆಲದ ಮೇಲೆ ಹಸಿರು ರೇಖೆಯಲ್ಲಿ ಹೂ ಬರೆದಾಗ ಅದೇ ಕಾಗದ ಸೆಟೆದು ನಿಂತಿತು. ಚಿತ್ರ ಬದಲಿಸಲು ಮನಸ್ಸಿಲ್ಲದಿದ್ದರೆ ದಪ್ಪ ಕಾಗದಕ್ಕೆ ಹೋಗಿ, ಇಲ್ಲವೇ ಮುದ್ರಣದ ಗುಣಮಟ್ಟವನ್ನು ಹೈಯಿಂದ ಸ್ಟ್ಯಾಂಡರ್ಡಿಗೆ ಇಳಿಸಿ. ಶಾಯಿ ಕಡಿಮೆ ಬೀಳುತ್ತದೆ.

ತೇವ ಹಿಡಿದ ಹಾಳೆಯನ್ನು ಒಣಗಿಸುವ ಬಗ್ಗೆ ಒಂದು ಮಾತು. ಹಪ್ಪಳ, ಕೊಬ್ಬರಿ ಇಟ್ಟಂತೆ ಒಲೆಯ ಮೇಲಿನ ಅಟ್ಟದಲ್ಲಿ ಇಡಬೇಡಿ. ಒಂದೇ ಮೈ ಬೇಗ ಒಣಗಿ ಇನ್ನಷ್ಟು ಬಾಗುತ್ತದೆ, ಹೊಗೆಯ ಬಣ್ಣ ಬೇರೆ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಳೆಗಳನ್ನು ಮಲಗಿಸಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿ ಎರಡು ಮೂರು ದಿನ ಬಿಡಿ. ನೀಲಿ ಹರಳಿನ ಜೆಲ್ ಆದರೆ ಗುಲಾಬಿಗೆ ತಿರುಗಿದಾಗ ಅದು ತೇವ ಕುಡಿದು ಮುಗಿಸಿದೆ ಎಂದು ಲೆಕ್ಕ. ಆ ನೀಲಿಯಲ್ಲಿ ಕೋಬಾಲ್ಟ್ ಇರುತ್ತದೆ, ಮಕ್ಕಳ ಕೈಗೆ ಸಿಗಬಾರದು. ಹೊಸ ಕಟ್ಟಿನ ಮೇಲಿನ ಹೊದಿಕೆ ತೇವ ತಡೆಯಲೆಂದೇ ಇರುವುದು. ಬೇಕಾದಷ್ಟು ಹಾಳೆ ತೆಗೆದು ಮತ್ತೆ ಸುತ್ತಿಡಿ.

ಹಾಳೆಯ ಮೇಲೆ ಹಳದಿ ಚುಕ್ಕೆ, ಬೂಷ್ಟಿನ ವಾಸನೆ ಬಂದಿದ್ದರೆ ಒಣಗಿಸುವ ಗೋಜಿಗೇ ಹೋಗಬೇಡಿ. ಅದು ಮಕ್ಕಳ ಚಿತ್ರಕ್ಕೆ ಸಾಕು, ಪ್ರಿಂಟರಿಗೆ ಬೇಡ.

ಶಾಯಿ ಒಣಗುವುದೇ ಇಲ್ಲ, ಮುಟ್ಟಿದರೆ ಬೆರಳಿಗೆ ಬರುತ್ತದೆ

ಇಂಕ್‌ಜೆಟ್ ಇರುವವರಿಗೆ ಅತಿ ಹೆಚ್ಚು ದುಡ್ಡು ಕಳೆಸುವ ದೋಷ ಇದು. ಕಾರಣ ಬಹುಪಾಲು ಅಂಗಡಿಯಲ್ಲೇ ಶುರುವಾಗುತ್ತದೆ. "ಕಾರ್ಡ್ ಮಾಡೋಕೆ ಒಳ್ಳೇ ಶೀಟ್ ಕೊಡಿ ಅಣ್ಣ" ಎಂದರೆ, ಆತ ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸಿನವರಿಗೆ ಕೊಡುವ ನುಣುಪಾದ ಆರ್ಟ್ ಕಾರ್ಡು ಕೊಡುತ್ತಾನೆ. ನೋಡಲು ಹೊಳಪು, ಮುಟ್ಟಲು ರೇಷ್ಮೆ. ಅವನದ್ದೇನೂ ಮೋಸವಲ್ಲ. ಅದು ಆಫ್‌ಸೆಟ್ ಯಂತ್ರದ ಎಣ್ಣೆಯ ಶಾಯಿಗೆ ಹೇಳಿ ಮಾಡಿಸಿದ್ದು. ನಮ್ಮ ನೀರಿನ ಶಾಯಿ ಅದರ ಮೇಲೆ ಕೆಸುವಿನೆಲೆಯ ಮೇಲಿನ ಹನಿಯಂತೆ ಕೂರುತ್ತದೆ. ಒಂದು ದಿನ ಬಿಟ್ಟು ಮುಟ್ಟಿದರೂ ಹೆಬ್ಬೆರಳಿನ ಗುರುತು ಮೂಡುತ್ತದೆ.

ಕೊಳ್ಳುವ ಮುಂಚೆ ಪರೀಕ್ಷೆ ಸುಲಭ. ಒಂದೇ ಹಾಳೆ ಕೊಂಡು, ಮೂಲೆಯಲ್ಲಿ ಒಂದು ಹನಿ ನೀರಿಡಿ. ಅರ್ಧ ನಿಮಿಷದಲ್ಲಿ ಹನಿ ಕಾಗದಕ್ಕೆ ಇಳಿಯತೊಡಗಿದರೆ ಇಂಕ್‌ಜೆಟ್‌ಗೆ ಆಗಬಹುದು. ಹನಿ ಗುಂಡಗೆ ಹಾಗೇ ಕೂತು, ಒರೆಸಿದರೆ ಗುರುತೂ ಉಳಿಯದಿದ್ದರೆ ಅದು ಲೇಸರ್‌ಗೋ ಪ್ರೆಸ್ಸಿಗೋ ಸರಿ.

ಇಂಕ್‌ಜೆಟ್‌ಗೆಂದೇ ಬರುವ ಮ್ಯಾಟ್ ಅಥವಾ ಫೋಟೋ ಕಾಗದ ಕೊಂಡರೂ ಒಣಗುತ್ತಿಲ್ಲವೇ? ಮಗುಚಿ ಹಾಕಿರಬೇಕು. ಲೇಪನ ಇರುವುದು ಸಾಮಾನ್ಯವಾಗಿ ಒಂದೇ ಮೈಗೆ. ಬೆರಳ ತುದಿ ಒದ್ದೆ ಮಾಡಿ ಮೂಲೆಯ ಎರಡೂ ಕಡೆ ಮುಟ್ಟಿ, ಬೆರಳಿಗೆ ಕೊಂಚ ಅಂಟಿದ ಮೈ ಮುದ್ರಣದ್ದು. ಹೊಳಪಿನ ಫೋಟೋ ಕಾಗದದ ಮೇಲೆ ಬಣ್ಣ ಒಣಗಿ ಕಪ್ಪು ಅಕ್ಷರ ಮಾತ್ರ ಒರೆಸಿ ಹೋಗುತ್ತಿದ್ದರೆ ಅದಕ್ಕೂ ಕಾರಣವಿದೆ. ಬಾಟಲಿಯಿಂದ ಶಾಯಿ ತುಂಬುವ ಹಲವು ಟ್ಯಾಂಕ್ ಪ್ರಿಂಟರ್‌ಗಳಲ್ಲಿ ಬಣ್ಣಗಳು ನೀರಿನಲ್ಲಿ ಕರಗುವ ಡೈ ಜಾತಿ, ಕಪ್ಪು ಮಾತ್ರ ಪುಡಿ ಬೆರೆಸಿದ ಪಿಗ್ಮೆಂಟ್. ಆ ಪುಡಿ ಹೊಳಪಿನ ಮೈಗೆ ಹಿಡಿಯುವುದಿಲ್ಲ. ಸೆಟ್ಟಿಂಗಿನಲ್ಲಿ ಫೋಟೋ ಪೇಪರ್ ಎಂದು ಆರಿಸಿದರೆ ಎಷ್ಟೋ ಯಂತ್ರಗಳು ಕಪ್ಪನ್ನು ಬಣ್ಣಗಳಿಂದಲೇ ಬೆರೆಸಿಕೊಳ್ಳುತ್ತವೆ. ನನ್ನ ಮಟ್ಟಿಗೆ ಶುಭಾಶಯ ಪತ್ರಕ್ಕೆ ಹೊಳಪಿನ ಕಾಗದವೇ ಬೇಡ. ಒಳಗೆ ಪೆನ್ನಿನಲ್ಲಿ ನಾಲ್ಕು ಸಾಲು ಬರೆಯಲಾಗದ ಕಾರ್ಡು ಎಂಥ ಕಾರ್ಡು?

ಎಲ್ಲ ಸರಿಯಿದ್ದೂ ಮಳೆಗಾಲದಲ್ಲಿ ಒಣಗುವುದು ತಡವಾಗುತ್ತದೆ. ಒಂದರ ಮೇಲೊಂದು ಪೇರಿಸಬೇಡಿ. ಶ್ಯಾವಿಗೆ ಹರಡಿದಂತೆ ಫ್ಯಾನಿನ ಕೆಳಗೆ ಬಿಡಿಬಿಡಿಯಾಗಿ ಹರಡಿ, ಒಂದು ರಾತ್ರಿ ಬಿಡಿ. ಡೈ ಶಾಯಿಯ ಕಾರ್ಡಿನ ಮೇಲೆ ನೀರು ಬಿದ್ದರೆ ಒಣಗಿದ ಮೇಲೂ ಬಣ್ಣ ಹರಿಯುತ್ತದೆ. ಅಂಚೆಗೆ ಹಾಕುವಾಗ ಒಳಗೊಂದು ತೆಳು ಪ್ಲಾಸ್ಟಿಕ್ ಹೊದಿಕೆ ಇರಲಿ.

ಲೇಸರ್‌ನಲ್ಲಿ: ಉಗುರಿನಿಂದ ಕೆರೆದರೆ ಅಕ್ಷರ ಉದುರುತ್ತದೆ

ಲೇಸರ್ ಪ್ರಿಂಟರ್ ಪುಡಿಯನ್ನು ಶಾಖದಿಂದ ಕರಗಿಸಿ ಕಾಗದಕ್ಕೆ ಹಚ್ಚುತ್ತದೆ. ದಪ್ಪ ಕಾರ್ಡು ಆ ಶಾಖವನ್ನು ತಾನೇ ಹೀರಿಕೊಂಡರೆ ಪುಡಿ ಅರೆಬೆಂದು ಉಳಿಯುತ್ತದೆ. ಸೆಟ್ಟಿಂಗಿನಲ್ಲಿ ಹೆವಿ ಅಥವಾ ಕಾರ್ಡ್‌ಸ್ಟಾಕ್ ಎಂದು ಬದಲಿಸಿದರೆ ಯಂತ್ರ ನಿಧಾನವಾಗಿ, ಹೆಚ್ಚು ಬಿಸಿಯಲ್ಲಿ ಓಡುತ್ತದೆ. ಬಹಳಷ್ಟು ಸಲ ಇಷ್ಟರಲ್ಲೇ ಮುಗಿಯುತ್ತದೆ. ಹಾಗೆ ಮಾಡಿದರೂ ಉದುರಿದರೆ ಕಾಗದ ಆ ಯಂತ್ರದ ಮಿತಿ ಮೀರಿದೆ.

ತಗ್ಗುಗಳಲ್ಲಿ ಮಾತ್ರ ಬಿಳಿ ಉಳಿಯುತ್ತಿದ್ದರೆ ಕಾಗದದ ಮೈ ಒರಟು. ಬಟ್ಟೆಯ ನೇಯ್ಗೆಯಂಥ ಉಬ್ಬುತಗ್ಗಿನ ಕಾರ್ಡು ಲೇಸರ್‌ಗೆ ಹೊಂದುವುದಿಲ್ಲ. ಎಲ್ಲಾ ಕಡೆ ಮೋಡ ಮುಸುಕಿದಂತೆ ಮಂಕಾಗಿದ್ದರೆ ಮತ್ತೆ ತೇವವನ್ನೇ ಅನುಮಾನಿಸಿ.

ಇಲ್ಲಿ ಒಂದು ಎಚ್ಚರಿಕೆ ಗಟ್ಟಿಯಾಗಿ ಹೇಳಬೇಕು. ಇಂಕ್‌ಜೆಟ್ ಫೋಟೋ ಕಾಗದವನ್ನು ಲೇಸರ್‌ಗೆ ಎಂದೂ ಹಾಕಬೇಡಿ. ಅದರ ಮೈಯಲ್ಲಿ ಪ್ಲಾಸ್ಟಿಕ್ ಪೊರೆ ಇರುತ್ತದೆ, ಬಿಸಿ ರೋಲರಿಗೆ ಕರಗಿ ಅಂಟಿದರೆ ಆ ಭಾಗ ಬದಲಿಸುವ ಖರ್ಚು ಹೊಸ ಸಣ್ಣ ಪ್ರಿಂಟರಿನ ಹತ್ತಿರ ಬರುತ್ತದೆ. ಬಂಗಾರದ ಫಾಯಿಲ್, ಮಿನುಗು ಪುಡಿ, ಅಂಟಿಸಿದ ಹೂದಳ ಇರುವ ಹ್ಯಾಂಡ್‌ಮೇಡ್ ಕಾಗದ ಇವನ್ನೂ ಅಷ್ಟೇ. ಅಲಂಕಾರ ಏನಿದ್ದರೂ ಮುದ್ರಣ ಮುಗಿದ ಮೇಲೆ. ಲೇಸರ್ ಪ್ರಿಂಟರಿನ ಪುಡಿ ಚೆಲ್ಲಿದರೆ ಒಣ ಬಟ್ಟೆಯಿಂದ ಒರೆಸಿ, ಕೈಯನ್ನು ತಣ್ಣೀರಿನಲ್ಲಿ ತೊಳೆಯಿರಿ. ಬಿಸಿನೀರಿಗೆ ಪುಡಿ ಇನ್ನೂ ಕಚ್ಚಿಕೊಳ್ಳುತ್ತದೆ.

ಬಣ್ಣ ಮಂಕು, ಅಂಚು ಹರಡಿದೆ, ಅಡ್ಡಗೆರೆ ಬಂದಿದೆ

ಅಡ್ಡಗೆರೆ ಒಂದೇ ಇಲ್ಲಿ ಯಂತ್ರದ ತಪ್ಪು. ಹೆಡ್ಡಿನ ರಂಧ್ರ ಕಟ್ಟಿದೆಯೇ ಎಂದು ತೋರಿಸುವ ನಾಝಲ್ ಚೆಕ್ ಹಾಳೆ ತೆಗೆದು ನೋಡಿ. ಗೆರೆ ತುಂಡಾಗಿದ್ದರೆ ಹೆಡ್ ಕ್ಲೀನಿಂಗ್ ಒಂದೆರಡು ಸಲ ಮಾಡಿ, ಆಮೇಲೆ ರಾತ್ರಿಯಿಡೀ ಸುಮ್ಮನೆ ಬಿಟ್ಟು ಬೆಳಿಗ್ಗೆ ನೋಡಿ. ಮೇಲಿಂದ ಮೇಲೆ ಮಾಡಿದರೆ ಶಾಯಿ ಖಾಲಿಯಾಗುತ್ತದೆ, ಹಾಗೆ ಹೊರಬಿದ್ದ ಶಾಯಿ ಹೀರುವ ಒಳಗಿನ ವೇಸ್ಟ್ ಇಂಕ್ ಪ್ಯಾಡ್ ಬೇರೆ ತುಂಬುತ್ತದೆ. ಹೆಡ್ ಒಣಗಲು ನಮ್ಮ ಕಡೆ ದೊಡ್ಡ ಕಾರಣ ಕರೆಂಟು. ಮುದ್ರಣದ ನಡುವೆ ಕರೆಂಟ್ ಹೋದರೆ ಹೆಡ್ಡು ತನ್ನ ಮುಚ್ಚಳಕ್ಕೆ ಹೋಗಿ ಕೂರದೆ ಬಯಲಲ್ಲೇ ನಿಂತುಬಿಡುತ್ತದೆ. ಬಂದ ತಕ್ಷಣ ಒಮ್ಮೆ ಆನ್ ಮಾಡಿ, ಅದು ಸ್ವಸ್ಥಾನಕ್ಕೆ ಹೋದ ಮೇಲೆ ಪ್ರಿಂಟರಿನ ಗುಂಡಿಯಿಂದಲೇ ಆಫ್ ಮಾಡಿ. ಗೋಡೆಯ ಸ್ವಿಚ್ಚಿನಿಂದ ಆಫ್ ಮಾಡುವ ಅಭ್ಯಾಸ ಬಿಡಬೇಕು. ಲೇಸರ್ ಪ್ರಿಂಟರನ್ನು ಮನೆಯ ಸಣ್ಣ ಯುಪಿಎಸ್‌ಗೆ ಸಿಕ್ಕಿಸಬೇಡಿ. ಬಿಸಿಯಾಗುವಾಗ ಅದು ಒಮ್ಮೆಲೇ ಎಳೆಯುವ ಕರೆಂಟು ಯುಪಿಎಸ್ ತಾಳುವುದಿಲ್ಲ.

ಗೆರೆಯಿಲ್ಲದೆ ಮಂಕಾಗಿದ್ದರೆ ಕಾಗದ ಶಾಯಿಯನ್ನು ಆಳಕ್ಕೆ ಕುಡಿದಿದೆ. ಡ್ರಾಯಿಂಗ್ ಶೀಟಿನಲ್ಲಿ ಹೀಗೇ ಆಗುತ್ತದೆ. ಕನ್ನಡ ಅಕ್ಷರಕ್ಕೆ ಇದು ಹೆಚ್ಚು ಹೊಡೆತ: ಒತ್ತಕ್ಷರದ ಸಣ್ಣ ಹೊಟ್ಟೆಗಳು ತುಂಬಿ, 'ಷ್ಟ' ಯಾವುದು 'ಷ್ಠ' ಯಾವುದು ತಿಳಿಯುವುದಿಲ್ಲ. ಅಕ್ಷರ ದೊಡ್ಡದು ಮಾಡಿ, ಇಲ್ಲವೇ ಐವರಿ ಶೀಟ್ ಎನ್ನುವ ನುಣುಪಾದ ದಪ್ಪ ಹಾಳೆಗೆ ಹೋಗಿ.

ಬೇಲೂರಿನ ಮದನಿಕೆಯ ಫೋಟೋ ಹಾಕಿದ ಕಾರ್ಡು ಒಂದು ಸಲ ಬರೀ ಕಪ್ಪು ಮುದ್ದೆಯಾಗಿ ಬಂತು. ಪರದೆ ತಾನೇ ಬೆಳಕು ಬೀರುತ್ತದೆ, ಕಾಗದ ಬೀರುವುದಿಲ್ಲ. ಬಳಪದ ಕಲ್ಲಿನ ಕಪ್ಪುಬೂದು, ನೆರಳಿನ ಆಭರಣ ಎಲ್ಲಾ ಒಂದಾಗುತ್ತವೆ. ಚಿತ್ರದ ನೆರಳನ್ನು ಸ್ವಲ್ಪ ತಿಳಿಗೊಳಿಸಿ, ಮೊದಲು ಕಾಲುಭಾಗ ಅಳತೆಯಲ್ಲಿ ಮುದ್ರಿಸಿ ನೋಡಿ. ಮತ್ತೊಂದು: ಮನೆಯ ಪ್ರಿಂಟರಿನಲ್ಲಿ ಬಿಳಿ ಶಾಯಿ ಇರುವುದಿಲ್ಲ. ಬಿಳಿ ಎಂದರೆ ಕಾಗದದ ಬಣ್ಣ. ಕಂದು ಕ್ರಾಫ್ಟ್ ಕಾಗದದ ಮೇಲೆ ಕಾಫಿ ಹೂ ಮುದ್ರಿಸಿದರೆ ಕಂದು ಹೂವೇ ಬರುವುದು.

ಮಡಚಿದಲ್ಲಿ ಬಿರುಕು, ಬಣ್ಣ ಒಡೆದು ಬಿಳಿ ಕಾಣುತ್ತದೆ

ಕಾಗದ ತಯಾರಾಗುವಾಗ ನಾರುಗಳು ಯಂತ್ರ ಓಡುವ ದಿಕ್ಕಿಗೆ ಮಲಗುತ್ತವೆ. ಪ್ರೆಸ್ಸಿನವರು ಇದನ್ನು ಗ್ರೇನ್ ಎನ್ನುತ್ತಾರೆ. ಸೌದೆಯನ್ನು ಎಳೆಯ ಗುಂಟ ಸೀಳುವುದು ಸುಲಭ, ಅಡ್ಡ ಕಡಿಯುವುದು ಕಷ್ಟವಲ್ಲವೇ? ಕಾಗದವೂ ನಾರಿನ ಗುಂಟ ಮಡಚಿದರೆ ನೀಟಾಗಿ ಮಡಿಯುತ್ತದೆ, ಅಡ್ಡ ಮಡಚಿದರೆ ಸಿಡಿಯುತ್ತದೆ.

ದಿಕ್ಕು ಗೊತ್ತುಮಾಡಲು ಹಾಳೆಯನ್ನು ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಅಂಗೈಯಲ್ಲಿ ಅರೆಬಾಗಿಸಿ ಒತ್ತಿ ನೋಡಿ. ಮೆತ್ತಗೆ ಒಪ್ಪಿಕೊಂಡ ಬಾಗು ಗ್ರೇನಿಗೆ ಸಮಾನಾಂತರ. ಗೊತ್ತಾಗದಿದ್ದರೆ ಒಂದು ಚೌಕ ತುಂಡಿನ ಒಂದು ಮೈಗೆ ನೀರು ಸವರಿ. ಅದು ಕೊಳವೆಯಂತೆ ಸುತ್ತಿಕೊಳ್ಳುತ್ತದೆ, ಕೊಳವೆ ಮಲಗಿದ ದಿಕ್ಕೇ ಗ್ರೇನ್.

ಎ4 ಹಾಳೆಗಳಲ್ಲಿ ಹೆಚ್ಚಿನವು ಉದ್ದಕ್ಕೆ ಗ್ರೇನ್ ಇರುವಂಥವು. ನಾವು ಕಾರ್ಡಿಗೆ ಮಡಚುವುದು ನಡುವೆ ಅಡ್ಡಕ್ಕೆ. ಬಿರುಕಿಗೆ ಕಾರಣ ಅಲ್ಲೇ ಸಿಕ್ಕಿತು.

ಒಂದು ಸಲ ನನ್ನನ್ನು ಎರಡು ದಿನ ಕಾಡಿದ್ದು ಇದಕ್ಕಿಂತ ವಿಚಿತ್ರ. ಒಂದೇ ಕಟ್ಟಿನಲ್ಲಿ ಕೆಲವು ಕಾರ್ಡು ಚೆನ್ನಾಗಿ ಮಡಿಯುತ್ತವೆ, ಕೆಲವು ಸಿಡಿಯುತ್ತವೆ. 22×28 ಇಂಚಿನ ಐವರಿ ಶೀಟುಗಳನ್ನು ಅಂಗಡಿಯಲ್ಲೇ ಎ4ಗೆ ಕತ್ತರಿಸಿ ತಂದಿದ್ದೆ. ನಾಲ್ಕು ಬರಬೇಕಾದ ಕಡೆ ಆತ ಜಾಣತನದಿಂದ ಐದು ತೆಗೆದಿದ್ದ: ಮೂರನ್ನು ಅಡ್ಡಕ್ಕೆ ಪೇರಿಸಿ, ಪಕ್ಕದಲ್ಲಿ ಎರಡನ್ನು ಉದ್ದಕ್ಕೆ ನಿಲ್ಲಿಸಿ. ನಾನೂ ಅವತ್ತು "ಭೇಷ್ ಅಣ್ಣ" ಎಂದು ಬಂದಿದ್ದೆ. ಆ ಮೂರರ ಗ್ರೇನ್ ಒಂದು ಕಡೆ, ಈ ಎರಡರದ್ದು ಇನ್ನೊಂದು ಕಡೆ. ಈಗ ನಾಲ್ಕೇ ಸಾಕು ಎಂದು ಹೇಳಿ, ದೊಡ್ಡ ಶೀಟಿನ ಮೂಲೆ ಒತ್ತಿ ನೋಡಿ, ಗ್ರೇನ್ ದಿಕ್ಕಿಗೆ ಪೆನ್ಸಿಲಿನಲ್ಲಿ ಬಾಣ ಹಾಕಿಯೇ ಕತ್ತರಿಗೆ ಕೊಡುವುದು.

ಇರುವ ಹಾಳೆಯಲ್ಲೇ ಕೆಲಸ ಆಗಬೇಕಾದರೆ ಮಡಚುವ ಮುಂಚೆ ಗೀರಿ. ಶಾಯಿ ಮುಗಿದ ಬಾಲ್‌ಪೆನ್ನು, ಸ್ಟೀಲ್ ಸ್ಕೇಲು, ಕೆಳಗೆ ಹಳೆಯ ಪತ್ರಿಕೆಯ ನಾಲ್ಕು ಮಡಿಕೆ. ಕಾರ್ಡಿನ ಹೊರಮೈ ಮೇಲೆ ಒಂದೇ ಒತ್ತಡದಲ್ಲಿ ಎರಡು ಸಲ ಎಳೆಯಿರಿ, ಕತ್ತರಿಸುವಷ್ಟು ಒತ್ತಬೇಡಿ. ಗೀರಿದ ಹಳ್ಳ ಹೊರಗೆ, ಹಿಂದೆ ಎದ್ದ ಉಬ್ಬು ಒಳಗೆ ಬರುವಂತೆ ಮಡಚಬೇಕು. ಜನ ಇದನ್ನು ತಿರುಗಾಮುರುಗಾ ಮಾಡಿ ಬಿರುಕು ಬಂತೆನ್ನುತ್ತಾರೆ. ಲೇಸರ್ ಪುಡಿ ಇನ್ನೂ ಪೆಡಸು. ಕಡುಬಣ್ಣ ಮಡಿಕೆಯ ಮೇಲೆ ಹಾಯದಂತೆ ಚಿತ್ರವನ್ನು ಐದು ಮಿಲಿಮೀಟರ್ ಈಚೆಗೇ ನಿಲ್ಲಿಸಿ.

ಒಳಗಿನ ಬರಹ ತಲೆಕೆಳಗು

ಕಾಗದದ ತಪ್ಪಲ್ಲ, ನಮ್ಮದು. ದಪ್ಪ ಹಾಳೆಯನ್ನು ಯಂತ್ರ ತಾನೇ ಮಗುಚಲಾರದು, ಕೈಯಿಂದ ಮಗುಚಿ ಹಾಕಬೇಕು. ಜೆರಾಕ್ಸ್ ಹಾಳೆಯ ಮೇಲೆ ಪೆನ್ಸಿಲಿನಿಂದ ಮೇಲು, ಕೆಳಗು, ಮುಂದು ಎಂದು ಬರೆದು ಒಮ್ಮೆ ಮುದ್ರಿಸಿ ನೋಡಿ. ಆ ಹಾಳೆಯನ್ನು ಪ್ರಿಂಟರ್ ಮೇಲೇ ಅಂಟಿಸಿಬಿಡಿ. ನಾನು ಅಂಟಿಸಿ ನಾಲ್ಕು ವರ್ಷವಾಯಿತು, ಇನ್ನೂ ನೋಡಿಕೊಂಡೇ ಹಾಕುತ್ತೇನೆ.

ಇಲ್ಲಿಗೆ ಕೈಬಿಟ್ಟು ಬಲ್ಲವರಿಗೆ ಕೊಡಿ

ಸುಟ್ಟ ವಾಸನೆ ಬಂದರೆ, ಹೊಗೆ ಕಂಡರೆ ಮೊದಲು ಗೋಡೆಯ ಸ್ವಿಚ್ಚು, ಆಮೇಲೆ ಉಳಿದದ್ದು. ಇದೊಂದು ಸಲ ಗೋಡೆಯ ಸ್ವಿಚ್ಚೇ ಸರಿ. ಹಲ್ಲು ಕಡಿದಂಥ ಸದ್ದು, ಮೂರು ಬಗೆಯ ಕಾಗದ ಹಾಕಿದರೂ ಒಂದೇ ಜಾಗದಲ್ಲಿ ಸಿಕ್ಕುವುದು, ಇಂಕ್ ಪ್ಯಾಡ್ ತುಂಬಿದೆ ಎಂಬ ಸಂದೇಶ, ಲೇಸರ್ ಒಳಗೆ ಕರಗಿದ ಪ್ಲಾಸ್ಟಿಕ್: ಇವು ಮನೆಯ ಸ್ಕ್ರೂಡ್ರೈವರಿನ ಕೆಲಸವಲ್ಲ. ವಾರಂಟಿ ಇದ್ದರಂತೂ ಬಿಚ್ಚಲೇಬೇಡಿ. ರಿಪೇರಿಗೆ ಒಯ್ಯುವಾಗ ತೊಂದರೆ ಕೊಟ್ಟ ಕಾರ್ಡಿನ ಎರಡು ಹಾಳೆ, ಕೆಟ್ಟು ಬಂದ ಒಂದು ಮುದ್ರಣ ಜೊತೆಗಿರಲಿ. ಇಲ್ಲದಿದ್ದರೆ ಅವರು ಜೆರಾಕ್ಸ್ ಹಾಳೆ ಹಾಕಿ ನೋಡಿ "ಚೆನ್ನಾಗಿದೆಯಲ್ಲ" ಎಂದು ವಾಪಸ್ ಕೊಡುತ್ತಾರೆ, ಚಿಕ್ಕಮ್ಮನಿಗೆ ಆದ ಹಾಗೆ.

ನೂರಕ್ಕೂ ಹೆಚ್ಚು ಕಾರ್ಡು, ಅದೂ 300 ಜಿಎಸ್‌ಎಂ ಬೇಕಿದ್ದರೆ ಮನೆಯ ಯಂತ್ರವನ್ನು ಸತಾಯಿಸಬೇಡಿ. ಪೆನ್‌ಡ್ರೈವಿನಲ್ಲಿ ಪಿಡಿಎಫ್ ಹಾಕಿಕೊಂಡು ಡಿಜಿಟಲ್ ಪ್ರಿಂಟಿಂಗ್ ಅಂಗಡಿಗೆ ಹೋಗಿ. ಹಾಸನಾಂಬೆಯ ಬಾಗಿಲು ತೆರೆಯುವ ವಾರಕ್ಕೆ ಮಾತ್ರ ಮುಂದೂಡಬೇಡಿ. ದೀಪಾವಳಿ ಕೆಲಸವೂ ಆಗಲೇ ಬಂದು ಬೀಳುತ್ತದೆ, ನಿಮ್ಮ ನೂರು ಕಾರ್ಡನ್ನು ಯಾರೂ ಕೇಳುವುದಿಲ್ಲ.

ಕಾರ್ಡು ಚೆನ್ನಾಗಿದೆ, ಅಂಚೆಯಲ್ಲಿ ದಂಡ ಬಿತ್ತು

ಇದನ್ನು ಯಾರೂ ದೋಷವೆಂದು ಲೆಕ್ಕ ಹಾಕುವುದಿಲ್ಲ, ಪಡೆದವರು ದುಡ್ಡು ಕೊಟ್ಟು ಬಿಡಿಸಿಕೊಂಡ ಮೇಲೆ ತಿಳಿಯುತ್ತದೆ. ಅಂಚೆಯಲ್ಲಿ ಸಾದಾ ಪತ್ರದ ಮೊದಲ ಹಂತ 20 ಗ್ರಾಂ. ಒಂದು ಎ4 ಹಾಳೆ ಮಡಚಿ ಮಾಡಿದ ಕಾರ್ಡು 300 ಜಿಎಸ್‌ಎಂ ಆದರೆ ಸುಮಾರು 18.7 ಗ್ರಾಂ, 250 ಆದರೆ 15.6, 200 ಆದರೆ 12.5. ಅದಕ್ಕೆ ಹೊಂದುವ ಕವರು ಆರೇಳು ಗ್ರಾಂ ತೂಗುತ್ತದೆ. 250ರ ಕಾರ್ಡೂ ಮಿತಿ ದಾಟಿತು. ಅಂಚೆಗೆ ಹೋಗುವ ಕಾರ್ಡುಗಳಿಗೆ ನಾನು 200ರ ಐವರಿ ಶೀಟು, ಕೈಯಲ್ಲೇ ಕೊಡುವ ಕಾರ್ಡುಗಳಿಗೆ 250 ಎಂದು ಬೇರೆ ಬೇರೆ ಡಬ್ಬಿ ಇಟ್ಟುಕೊಂಡಿದ್ದೇನೆ. ಚಿಕ್ಕಮ್ಮನಿಗೂ ಒಂದು ಡಬ್ಬಿ ಕೊಟ್ಟು ಬಂದೆ. ಮೊನ್ನೆ ಹೋದಾಗ ಅದರಲ್ಲಿ ಹಾಳೆಗಳ ಪಕ್ಕ ಹಪ್ಪಳವೂ ಇತ್ತು.